ಸೇವ್ ಮಾಡುವ ಕೋಡ್ ಎಲ್ಲಿರಬೇಕು?

ಲೈಬ್ರರಿಗೊಂದು ವೆಬ್ ಆ್ಯಪ್ ಬರೆಯುತ್ತಿದ್ದೀರಿ ಅಂದುಕೊಳ್ಳಿ. ಸದಸ್ಯರು 'ಪುಸ್ತಕ ಬೇಕು' ಬಟನ್ ಒತ್ತುತ್ತಾರೆ. ಆ ಒತ್ತಿಗೆ ಉತ್ತರಿಸುವ ಕೋಡ್ ಆದ ಕಂಟ್ರೋಲರ್‌ನಲ್ಲೇ ಎಸ್‌ಕ್ಯುಎಲ್ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಬರೆದುಬಿಟ್ಟರೆ ಕೆಲಸ ಆಗಿಹೋಗುತ್ತದೆ, ಅಲ್ವಾ? ಆಗುತ್ತದೆ, ಮೊಬೈಲ್ ಆ್ಯಪ್‌ಗೂ ಅದೇ ಬಟನ್ ಬೇಕು ಅನ್ನುವವರೆಗೆ. ಆಗ ಅದೇ ಕೋಡನ್ನು ಇನ್ನೊಂದು ಕಡೆ ಅಂಟಿಸುತ್ತೀರಿ. 'ಒಬ್ಬರಿಗೆ 3 ಪುಸ್ತಕ ಮಾತ್ರ' ಎಂಬ ನಿಯಮ ಬಂದ ದಿನ ಒಂದು ಕಡೆ ತಿದ್ದಿ ಇನ್ನೊಂದನ್ನು ಮರೆಯುತ್ತೀರಿ.

ಮೊದಲು ನಿಯಮವನ್ನು ಬೇರೆ ಮಾಡಿ. 3 ಪುಸ್ತಕದ ಮಿತಿ 'ಸದಸ್ಯ' ಕ್ಲಾಸಿನ ಮೆಥಡ್ ಆಗಲಿ. ಆ ಮೆಥಡ್ ಒಳಗೆ ಡೇಟಾಬೇಸ್ ಸುದ್ದಿಯೇ ಬರಬಾರದು. ಆಗ ಡೇಟಾಬೇಸ್ ಇಲ್ಲದೆಯೂ ಟೆಸ್ಟ್ ಮಾಡಬಹುದು.

ಈಗ ಸೇವ್. ವೆಬ್ ಫ್ರೇಮ್‌ವರ್ಕ್‌ಗಳಾದ ರೈಲ್ಸ್, ಜಾಂಗೋ, ಲಾರಾವೆಲ್‌ಗಳಲ್ಲಿ ಆಬ್ಜೆಕ್ಟಿಗೇ 'ಸೇವ್' ಮೆಥಡ್ ಇರುತ್ತದೆ. ಇದು ಆ್ಯಕ್ಟಿವ್ ರೆಕಾರ್ಡ್ ಪದ್ಧತಿ. ಚಿಕ್ಕ ಆ್ಯಪ್‌ಗೆ ಇದೇ ಸಾಕು. ಅದರ ಮೇಲೆ ಸುಮ್ನೆ ಇನ್ನೊಂದು ಪದರ ಹೊದಿಸಬೇಡಿ. ಆಬ್ಜೆಕ್ಟನ್ನು ಡೇಟಾಬೇಸ್‌ಗೆ ಜೋಡಿಸುವ ಟೂಲ್‌ಗಳಾದ ಹೈಬರ್ನೇಟ್, ಡಾಕ್ಟ್ರಿನ್‌ಗಳದ್ದು ಡೇಟಾ ಮ್ಯಾಪರ್ ದಾರಿ. ಅಲ್ಲಿ ಆಬ್ಜೆಕ್ಟಿಗೆ ತನ್ನನ್ನು ಉಳಿಸಿಕೊಳ್ಳಲು ಬರುವುದಿಲ್ಲ. ಆ ಕೆಲಸಕ್ಕೆ ರೆಪಾಸಿಟರಿ ಎಂಬ ಬೇರೆ ಕ್ಲಾಸ್ ಇಡುತ್ತಾರೆ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಪುಸ್ತಕ ಕೊಡುವಾಗ ಬರೆಯಬೇಕಾದದ್ದು ಎರಡು: ಎರವಲಿನ ದಾಖಲೆ, ಉಳಿದ ಪ್ರತಿಗಳ ಲೆಕ್ಕ. ಮೊದಲನೆಯದು ಉಳಿದು ಎರಡನೆಯದು ಕೈಕೊಟ್ಟರೆ ಲೆಕ್ಕ ತಪ್ಪಿತು. ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಕಟ್ಟಬೇಕು, ಅಂದರೆ ಆದರೆ ಎರಡೂ ಆಗಬೇಕು, ಇಲ್ಲವಾದರೆ ಎರಡೂ ಆಗಬಾರದು. ಪ್ರತಿ ರೆಪಾಸಿಟರಿಯೂ ತನ್ನಷ್ಟಕ್ಕೆ ಕಮಿಟ್ ಮಾಡಿ, ಅಂದರೆ ಬರೆದದ್ದನ್ನು ಖಾಯಂ ಮಾಡಿಬಿಟ್ಟರೆ ಕಟ್ಟುವುದು ಹೇಗೆ? ಹಾಗಾಗಿ ಟ್ರಾನ್ಸಾಕ್ಷನ್ ಶುರುವಾಗುವುದೂ ಮುಗಿಯುವುದೂ ಇವೆರಡನ್ನೂ ಕರೆಯುವ ಸರ್ವಿಸ್ ಕ್ಲಾಸಿನಲ್ಲಿರಲಿ. ಕಂಟ್ರೋಲರ್ ಆ ಸರ್ವಿಸನ್ನು ಕರೆದು ಉತ್ತರ ತೋರಿಸಿದರೆ ಆಯಿತು.

ಟ್ರಾನ್ಸಾಕ್ಷನ್ ಇದೆ ಅಂತ ನಿಶ್ಚಿಂತೆಯಾಗಿ ಇರುವಂತೆಯೂ ಇಲ್ಲ. ಕೊನೆಯ ಒಂದು ಪ್ರತಿಗೆ ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ? ಇಬ್ಬರ ಕೋಡೂ '1 ಉಳಿದಿದೆ' ಎಂದು ಓದಿ 0 ಎಂದು ಬರೆಯಬಹುದು. ಪುಸ್ತಕ ಒಂದು, ಎರವಲು ಎರಡು! ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ಸೆಟ್ಟಿಂಗ್ ಇದನ್ನು ತಡೆಯುವುದಿಲ್ಲ. ಓದಿ ಬರೆಯುವ ಬದಲು 'ಪ್ರತಿ 0ಗಿಂತ ಹೆಚ್ಚಿದ್ದರೆ ಮಾತ್ರ 1 ಕಳೆ' ಎಂದು ಒಂದೇ ಅಪ್‌ಡೇಟ್ ಕೊಡಿ. ಎಷ್ಟು ಸಾಲು ಬದಲಾಯಿತು ನೋಡಿ. 0 ಬಂದರೆ ಪುಸ್ತಕ ಖಾಲಿ, ಎಲ್ಲವನ್ನೂ ರೋಲ್‌ಬ್ಯಾಕ್ ಮಾಡಿ, ಅಂದರೆ ಬರೆದದ್ದನ್ನು ರದ್ದು ಮಾಡಿ. ಈ ಅಪ್‌ಡೇಟ್‌ನ ಜಾಗ ರೆಪಾಸಿಟರಿ. ಆ್ಯಕ್ಟಿವ್ ರೆಕಾರ್ಡ್ ಆದರೆ ಮಾಡೆಲ್, ಅಂದರೆ 'ಸೇವ್' ಇರುವ ಆ ಕ್ಲಾಸ್.

ಇನ್ನು 'ಪುಸ್ತಕ ಸಿಕ್ಕಿದೆ' ಎಂಬ ಇಮೇಲ್. ಅದನ್ನು ಟ್ರಾನ್ಸಾಕ್ಷನ್ ಒಳಗೆ ಕಳಿಸಬೇಡಿ. ರೋಲ್‌ಬ್ಯಾಕ್ ಆದರೂ ಹೋದ ಇಮೇಲ್ ವಾಪಸ್ ಬರುವುದಿಲ್ಲ. ಕಮಿಟ್ ಆದ ಮೇಲೆ ಕಳಿಸಿ. ಜಾಂಗೋದಲ್ಲಿ ಇದಕ್ಕೆಂದೇ 'ಆನ್ ಕಮಿಟ್' ಇದೆ.