ಕಾಫಿ ತೋಟದ ಇಳಿಜಾರು ಯಾವ ದಿಕ್ಕಿಗಿದೆ: ಕ್ಯೂಜಿಐಎಸ್‌ನಲ್ಲಿ ನಾನು ಲೆಕ್ಕ ಹಾಕಿದ ಬಗೆ

ಅರೇಬಿಕಾ ಕಾಫಿಗೆ ಉತ್ತರ, ಪೂರ್ವ ಮತ್ತು ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರು ಒಳ್ಳೆಯದೆಂಬುದು ಚಿಕ್ಕಮಗಳೂರಿನ ಬೆಳೆಗಾರರಿಗೆ ಹೊಸ ಮಾತಲ್ಲ. ಆದರೆ ಕುದುರೆಲಾಳದಂತೆ ಬಾಗಿರುವ ಚಂದ್ರದ್ರೋಣ ಶ್ರೇಣಿಯಲ್ಲಿ ಒಂದೇ ತೋಟದೊಳಗೂ ಈ ದಿಕ್ಕು ಬದಲಾಗುತ್ತಿರುವುದರಿಂದ, ಅದನ್ನು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಗುರುತಿಸುವುದು ಅಗತ್ಯವೆಂದು ನನಗೆ ಅನ್ನಿಸಿತು.

2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎಸ್‌ಆರ್‌ಟಿಎಮ್ ಎತ್ತರದ ದತ್ತಾಂಶವನ್ನು ಬಳಸಿದೆ. ಅದರ ಒಂದೊಂದು ಪಿಕ್ಸೆಲ್, ಅಂದರೆ ಒಂದೊಂದು ಚೌಕ, ನೆಲದ ಮೇಲೆ ಸುಮಾರು 30 ಮೀಟರ್ ಅಗಲ. ಅಕ್ಷಾಂಶ ರೇಖಾಂಶಗಳಲ್ಲಿದ್ದ ಈ ಕಡತವನ್ನು ಮೊದಲು ಮೀಟರ್‌ಗಳಲ್ಲಿ ಸ್ಥಾನ ಹೇಳುವ ಯುಟಿಎಮ್ ಪದ್ಧತಿಯ 43 ಉತ್ತರ ವಲಯಕ್ಕೆ ಬದಲಿಸಿದೆ. ಆಗ ಹತ್ತಿರದ ಒಂದೇ ಪಿಕ್ಸೆಲ್ ಅನ್ನು ನಕಲು ಮಾಡುವ ವಿಧಾನದ ಬದಲು, ಸುತ್ತಲಿನ ಪಿಕ್ಸೆಲ್‌ಗಳಿಂದ ಎತ್ತರ ಲೆಕ್ಕಹಾಕುವ ಬೈಲೀನಿಯರ್‌ನಂಥ ವಿಧಾನವನ್ನು ಆರಿಸಬೇಕು, ಇಲ್ಲವಾದರೆ ಫಲಿತಾಂಶದಲ್ಲಿ ಪಟ್ಟೆಗಳು ಮೂಡಬಹುದು.

ಕ್ಯೂಜಿಐಎಸ್‌ನ ರಾಸ್ಟರ್ (ಪಿಕ್ಸೆಲ್ ನಕ್ಷೆ) ಮೆನುವಿನ ವಿಶ್ಲೇಷಣೆ ವಿಭಾಗದಲ್ಲಿರುವ ಆಸ್ಪೆಕ್ಟ್ ಉಪಕರಣವು ಪ್ರತಿ ಪಿಕ್ಸೆಲ್‌ನ ಸುತ್ತಲಿನ ಎಂಟು ಪಿಕ್ಸೆಲ್‌ಗಳ ಎತ್ತರವನ್ನು ಹೋಲಿಸಿ, ನೆಲ ಯಾವ ಕಡೆಗೆ ಇಳಿಯುತ್ತದೆಂಬುದನ್ನು ಉತ್ತರದಿಂದ ಪ್ರದಕ್ಷಿಣವಾಗಿ ಡಿಗ್ರಿಯಲ್ಲಿ ಹೇಳುತ್ತದೆ: ಪೂರ್ವ 90, ದಕ್ಷಿಣ 180, ಪಶ್ಚಿಮ 270.

ನಿಜವಾದ ಎಚ್ಚರ ಬೇಕಾಗುವುದು ಇಡೀ ತೋಟದ ಸರಾಸರಿ ದಿಕ್ಕನ್ನು ತೆಗೆಯುವಾಗ. 350 ಮತ್ತು 10 ಡಿಗ್ರಿಯ ಎರಡು ಪಿಕ್ಸೆಲ್‌ಗಳು ಹೆಚ್ಚುಕಡಿಮೆ ಉತ್ತರಕ್ಕೇ ಇವೆ. ಆದರೆ ಸಾಮಾನ್ಯ ಸರಾಸರಿ 180, ಅಂದರೆ ನೇರ ದಕ್ಷಿಣ. ಆದ್ದರಿಂದ ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿ, ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ದಿಕ್ಕಿನ ಪೂರ್ವ-ಪಶ್ಚಿಮ ಭಾಗಕ್ಕೆ ಸೈನ್, ಉತ್ತರ-ದಕ್ಷಿಣ ಭಾಗಕ್ಕೆ ಕೊಸೈನ್ ಪದರಗಳನ್ನು ಬೇರೆ ಬೇರೆ ಮಾಡಿಕೊಂಡು, ಜೋನಲ್ ಸ್ಟಾಟಿಸ್ಟಿಕ್ಸ್ ಮೂಲಕ ಪ್ರತಿ ತೋಟಕ್ಕೂ ಎರಡರ ಸರಾಸರಿ ತೆಗೆದು, ಫೀಲ್ಡ್ ಕ್ಯಾಲ್ಕುಲೇಟರ್‌ನ ಎಟ್ಯಾನ್2ರಿಂದ (ಸೈನ್, ಕೊಸೈನ್‌ಗಳಿಂದ ಕೋನ ಕೊಡುವ ಸೂತ್ರ) ಮತ್ತೆ ಕೋನಕ್ಕೆ ತಂದು ಡಿಗ್ರಿಗೆ ಬದಲಿಸಿದೆ. ಫಲಿತಾಂಶ ಋಣಾತ್ಮಕವಾಗಿ ಬಂದಲ್ಲಿ 360 ಕೂಡಿಸಿದೆ. ಆ ಎರಡು ಸರಾಸರಿಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಇನ್ನೊಂದು ಉಪಯುಕ್ತ ಸಂಖ್ಯೆ ದೊರೆಯುತ್ತದೆ. ಅದು 1ಕ್ಕೆ ಹತ್ತಿರವಿದ್ದರೆ ತೋಟ ಬಹುತೇಕ ಒಂದೇ ದಿಕ್ಕಿಗಿದೆ. ಸೊನ್ನೆಯತ್ತ ಇಳಿದರೆ ಒಂದೇ ದಿಕ್ಕನ್ನು ಹೇಳುವುದಕ್ಕೆ ಅರ್ಥವಿಲ್ಲ, ತೋಟವನ್ನು ತುಂಡುಗಳಾಗಿ ವಿಂಗಡಿಸಿಯೇ ನೋಡಬೇಕು. ನನ್ನ ಮಟ್ಟಿಗೆ ಸರಾಸರಿಗಿಂತಲೂ ಈ ಸಂಖ್ಯೆಯೇ ಬೆಳೆಗಾರರಿಗೆ ಹೆಚ್ಚು ಪ್ರಯೋಜನಕಾರಿ.

ಎಸ್‌ಆರ್‌ಟಿಎಮ್ ಎತ್ತರಗಳು ಪೂರ್ಣ ಮೀಟರ್‌ಗಳಲ್ಲಿರುವುದರಿಂದ ಗದ್ದೆಬಯಲಿನಂಥ ಸಮತಟ್ಟು ನೆಲದಲ್ಲಿ ಒಂದೇ ಮೀಟರಿನ ವ್ಯತ್ಯಾಸವೂ ದಿಕ್ಕನ್ನು ತಿರುಗಿಸಿಬಿಡುತ್ತದೆ. ಹಾಗಾಗಿ 5 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಭಾಗವನ್ನು ಲೆಕ್ಕದಿಂದ ಕೈಬಿಟ್ಟೆ. ದಟ್ಟ ನೆರಳು ಮರಗಳ ಕೆಳಗಿನ ನೆಲವನ್ನು ಆ ರಾಡಾರ್ ಪೂರ್ತಿಯಾಗಿ ಮುಟ್ಟುವುದಿಲ್ಲ. ಹೀಗಾಗಿ ಮರಗಳ ಎತ್ತರವೂ ಲೆಕ್ಕಕ್ಕೆ ಸೇರಿಕೊಂಡು, ಹುಲ್ಲುಗಾವಲು ಮುಗಿದು ಮರಗಳ ತೋಪು ಶುರುವಾಗುವ ಅಂಚಿನಲ್ಲಿ ಇಲ್ಲದ ಇಳಿಜಾರೊಂದು ಕಾಣಿಸಿಕೊಳ್ಳುವುದುಂಟು. ಅಂಥ ಅಂಚುಗಳನ್ನು ಉಪಗ್ರಹ ಚಿತ್ರದೊಂದಿಗೆ ಹೋಲಿಸಿ, ಅನುಮಾನವಿದ್ದ ಕಡೆ ದಿಕ್ಸೂಚಿ ಹಿಡಿದು ಸ್ಥಳದಲ್ಲೇ ನೋಡಿ ಸರಿಪಡಿಸಿಕೊಂಡೆ.