ಸ್ಯಾಲಿಸ್‌ಬರಿ ಬಯಲಿನ ಗಡಿಕಂದಕಗಳು: ಅಗೆಯುವ ಜಾಗ ಯಾವುದು?

ದಕ್ಷಿಣ ಇಂಗ್ಲೆಂಡಿನ ಸ್ಯಾಲಿಸ್‌ಬರಿ ಬಯಲಿನಲ್ಲಿ ಕಂಚಿನ ಯುಗದ ಕೊನೆಗೆ, ಅಂದರೆ ಸುಮಾರು 3,000 ವರ್ಷಗಳ ಹಿಂದೆ ತೋಡಿದ ಕಂದಕಗಳು ಕಿಲೋಮೀಟರುಗಟ್ಟಲೆ ಸಾಗುತ್ತವೆ. ಒಂದು ಕಂದಕ, ಅದರಿಂದ ತೆಗೆದ ಮಣ್ಣಿನ ಏರಿ, ಅಷ್ಟೇ. ಇದು ಗಡಿಯೇ ಎನ್ನಲು ಗಾತ್ರ ಸಾಲದು. ಯಾವುದನ್ನು ಕಡಿದುಕೊಂಡು ಹೋಗಿದೆ, ಯಾವುದನ್ನು ಬಳಸಿ ಹೋಗಿದೆ ಎಂದು ನೋಡಬೇಕು. ಹಾಗಾಗಿ ಏರಿ ಎತ್ತರವಾಗಿ ಉಳಿದ ಕಡೆ ಬಿಟ್ಟು, ಕಂದಕವು ಹಳೆಯ ಹೊಲದ ಬದುವನ್ನೋ ಸಮಾಧಿ ದಿಬ್ಬವನ್ನೋ ಸಂಧಿಸುವ ಕಡೆಯನ್ನೇ ನಾನು ಆರಿಸುತ್ತೇನೆ. ಹ್ಯಾಂಪ್‌ಶೈರಿನ ಕ್ವಾರ್ಲಿ ಬೆಟ್ಟದಲ್ಲಿ ಕೋಟೆಗಿಂತ ಕಂದಕಗಳೇ ಹಳೆಯವು ಎಂದು 1938ರ ಉತ್ಖನನದಲ್ಲಿ ಗೊತ್ತಾದದ್ದು ಇಂಥ ಸಂಧಿಯಿಂದಲೇ.

ಮೊದಲು ಲೈಡಾರ್, ಅಂದರೆ ವಿಮಾನದಿಂದ ಲೇಸರ್ ಬೀರಿ ನೆಲದ ಏರುತಗ್ಗು ಅಳೆಯುವ ವಿಧಾನ. ಇಂಗ್ಲೆಂಡಿನ ಪರಿಸರ ಏಜೆನ್ಸಿಯ 1 ಮೀಟರ್ ದತ್ತಾಂಶ ಉಚಿತ. ಮರಗಿಡ ತೆಗೆದ ನೆಲದ ಮಾದರಿಯನ್ನೇ ಇಳಿಸಿಕೊಳ್ಳಿ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಒಂದೇ ದಿಕ್ಕಿನ ಬೆಳಕು ಬಿಟ್ಟರೆ, ಆ ಬೆಳಕಿಗೆ ಸಮಾನಾಂತರವಾಗಿರುವ ಏರಿ ಕಾಣಿಸುವುದೇ ಇಲ್ಲ. ಹಲವು ದಿಕ್ಕುಗಳಿಂದ ನೋಡಬೇಕು. ಇದು ಸೇನೆಯ ತರಬೇತಿ ಪ್ರದೇಶವಾದ್ದರಿಂದ ಟ್ಯಾಂಕ್ ಜಾಡುಗಳು ಕಣ್ಣಿಗೆ ಮಣ್ಣೆರಚುತ್ತವೆ. ಹಳೆಯ ಬಂಡಿದಾರಿಗಳೂ ಹಾಗೆಯೇ, ಆದರೆ ಅವು ಇಳಿಜಾರಿನಲ್ಲಿ ಕವಲೊಡೆಯುತ್ತವೆ. ಗಡಿಕಂದಕ ಕವಲೊಡೆಯುವುದಿಲ್ಲ, ಏರು ಬಂದರೂ ಹಿಡಿದ ಗುರಿ ಬಿಡುವುದಿಲ್ಲ.

ಸಂರಕ್ಷಿತ ಸ್ಮಾರಕವಾಗಿದ್ದರೆ 1979ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅನುಮತಿ ಬೇಕು, ಮೆಟಲ್ ಡಿಟೆಕ್ಟರ್ ಆಡಿಸುವುದಕ್ಕೂ.

2 ಮೀಟರ್ ಅಗಲದ ಗುಂಡಿ ಏರಿ, ಕಂದಕ ಎರಡನ್ನೂ ಅಡ್ಡಲಾಗಿ ಸೀಳಬೇಕು. 1.2 ಮೀಟರಿಗಿಂತ ಆಳಕ್ಕೆ ಇಳಿಯುವಾಗ ಗೋಡೆಗೆ ಮೆಟ್ಟಿಲು ಬಿಡಿ, ಸೀಮೆಸುಣ್ಣದ ನೆಲ ಹೇಳದೆ ಕೇಳದೆ ಕುಸಿಯುತ್ತದೆ. ತುಂಬಿಹೋದ ಕಂದಕದ ತಳದಲ್ಲಿ ಸುಣ್ಣದ ಹೆಂಟೆ, ಮೇಲೆ ನುಣುಪು ಹೂಳು, ಅದರ ಮೇಲೆ ಉಳುಮೆಯ ಮಣ್ಣು. 1960ರಲ್ಲಿ ಓವರ್ಟನ್ ಡೌನ್‌ನಲ್ಲಿ ಪ್ರಯೋಗಕ್ಕೆಂದೇ ತೋಡಿದ ಕಂದಕ ತೋರಿಸಿದಂತೆ ತಳದ ಹೆಂಟೆ ಕೆಲವೇ ವರ್ಷಗಳಲ್ಲಿ ಬೀಳುತ್ತದೆ. ಎಡವುವುದು ಇಲ್ಲೇ: ಕಂದಕವನ್ನು ಆಗಾಗ ತೋಡಿ ಶುಚಿ ಮಾಡಿದ್ದರೆ ಆ ಹೆಂಟೆ ಹೇಳುವುದು ಕೊನೆಯ ಶುಚಿಯ ಕಾಲವನ್ನು, ಮೊದಲ ತೋಡಿನ ಕಾಲವನ್ನಲ್ಲ. ತೋಡುವ ಮುಂಚಿನ ನೆಲ ಏರಿಯ ಅಡಿಯಲ್ಲಿ ಹೂತಿರುತ್ತದೆ, ಅದನ್ನು ತಪ್ಪದೆ ಪರೀಕ್ಷಿಸಿ.

ಆ ಕಾಲದ ನೆಲ ಬಯಲೋ ನೆರಳೋ ಎಂದು ಹೇಳುವುದು ಬಸವನಹುಳುವಿನ ಚಿಪ್ಪು. ಅದಕ್ಕಾಗಿ ಪ್ರತಿ 10 ಸೆಂ.ಮೀ. ಆಳಕ್ಕೆ 2 ಕಿಲೋ ಮಣ್ಣು ತೆಗೆಯುತ್ತೇನೆ, ಕೆಳಗಿನಿಂದ ಮೇಲಕ್ಕೆ. ಇಲ್ಲವಾದರೆ ಮೇಲಿನ ಮಣ್ಣು ಉದುರಿ ಕೆಳಗಿನದನ್ನು ಕೆಡಿಸುತ್ತದೆ. 0.5 ಮಿ.ಮೀ. ಜರಡಿಯಲ್ಲಿ ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಎಣಿಸಬೇಕು. ಪ್ಯುಪಿಲ್ಲಾ, ವಲ್ಲೋನಿಯಾ ಎಂಬ ಬಸವನಹುಳುಗಳು ಹೆಚ್ಚಿದ್ದರೆ ಬಯಲು, ಡಿಸ್ಕಸ್ ಎಂಬುದು ಇದ್ದರೆ ನೆರಳು. ಸೆಸಿಲಿಯಾಯ್ಡಿಸ್ ಬಿಲ ಕೊರೆದು ಆಳಕ್ಕಿಳಿಯುವ ಹುಳು, ಲೆಕ್ಕದಿಂದ ಹೊರಗಿಡಿ.

ಕಾಲನಿರ್ಣಯಕ್ಕೆ ಬಿಡಿ ಇದ್ದಿಲಚೂರನ್ನು ನಂಬಬೇಡಿ, ಎರೆಹುಳು ಅದನ್ನು ಎಲ್ಲೆಲ್ಲಿಗೋ ಸಾಗಿಸಿರುತ್ತದೆ. ಕೀಲು ಕಳಚದ ಮೂಳೆ ಸಿಕ್ಕರೆ ಒಳ್ಳೆಯದು, ಅದು ಬಿದ್ದ ಜಾಗದಿಂದ ಕದಲಿಲ್ಲ ಎಂದರ್ಥ. ಆದರೂ ಕ್ರಿ.ಪೂ. 800ರಿಂದ 400ರವರೆಗೆ ರೇಡಿಯೋಕಾರ್ಬನ್ ತಿದ್ದುರೇಖೆ (ಪ್ರಯೋಗಾಲಯದ ಅಳತೆಯನ್ನು ನಿಜವಾದ ವರ್ಷಕ್ಕೆ ಹೊಂದಿಸುವ ರೇಖೆ) ಸಪಾಟಾಗಿದೆ, ಮಾದರಿ ಎಷ್ಟು ಚೆನ್ನಾಗಿದ್ದರೂ ನಾಲ್ಕು ಶತಮಾನಗಳ ನಡುವೆಯೇ ಸಿಕ್ಕಿಕೊಳ್ಳುತ್ತೀರಿ. ಆಗ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳುವುದು ಸಂಧಿಯ ಪದರಗಳೇ.