ಕ್ರಾಕೋವ್‌ಗೆ ಹೊಸದಾಗಿ ಬಂದವರೇ, ಜಲಿಪ್ಯೆ ಹಳ್ಳಿ ನೋಡಿ ಬನ್ನಿ

ಕೆಲಸಕ್ಕೆಂದು ಕ್ರಾಕೋವ್‌ಗೆ ಬಂದ ನಮ್ಮವರು ಮೊದಲ ರಜೆಗೇ ಜಾಕೋಪಾನೆ ಬೆಟ್ಟಕ್ಕೆ ಹೊರಡುತ್ತಾರೆ. ಹೋಗಿ, ಚೆನ್ನಾಗಿದೆ. ಆದರೆ ಪೋಲೆಂಡಿನ ಹಳ್ಳಿಯವರು ಬಡತನದಲ್ಲೂ ಮನೆಯನ್ನು ಹೇಗೆ ಪ್ರೀತಿಸಿದರು ಅಂತ ನೋಡಬೇಕಾದರೆ, ಮನೆಗಳ ಗೋಡೆ ಮೇಲೆ ಬಣ್ಣದ ಹೂವು ಬರೆದಿರುವ ಜಲಿಪ್ಯೆಗೆ ಹೋಗಬೇಕು.

ಊರಿರುವುದು ತಾರ್ನುಫ್ ಪಟ್ಟಣದ ಉತ್ತರಕ್ಕೆ, ಸುಮಾರು 30 ಕಿ.ಮೀ. ದೂರದಲ್ಲಿ. ಗುಡ್ಡ ಬೆಟ್ಟ ಏನೂ ಇಲ್ಲ, ಬರೀ ಬಯಲು, ಹೊಲ. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ದುನಾಯೆತ್ಸ್ ನದಿ ವಿಸ್ತುಲಾವನ್ನು ಸೇರುತ್ತದೆ. 1772ರಲ್ಲಿ ಈ ಭಾಗ ಆಸ್ಟ್ರಿಯದ ಕೈಗೆ ಹೋಯಿತು, 1918ರವರೆಗೂ ಅಲ್ಲೇ ಇತ್ತು. 19ನೇ ಶತಮಾನದಲ್ಲಿ ವಿಸ್ತುಲಾ ನದಿಯೇ ಗಡಿ, ಆಚೆ ದಡ ರಷ್ಯಾದ್ದು. ಈಚೆ ದಡದ ಗಲೀಷಿಯಾದಲ್ಲಿ, ಅಂದರೆ ಆಸ್ಟ್ರಿಯದ ಕೈಯಲ್ಲಿದ್ದ ಈ ಪ್ರಾಂತ್ಯದಲ್ಲಿ, ಬಡತನ ಎಷ್ಟಿತ್ತೆಂದರೆ ಜನ ಗುಂಪುಗುಂಪಾಗಿ ಅಮೆರಿಕಕ್ಕೆ ಹೋದರು.

ಆಗಿನ ಮನೆಗಳಿಗೆ ಹೊಗೆಗೂಡು ಇರಲಿಲ್ಲ. ಒಲೆಯ ಹೊಗೆಗೆ ನಮ್ಮ ಹಳೇ ಅಡುಗೆಮನೆಗಳಂತೆ ಗೋಡೆಯೆಲ್ಲ ಕಪ್ಪಾಗುತ್ತಿತ್ತು. ಹೆಂಗಸರು ಅದರ ಮೇಲೆ ಸುಣ್ಣದ ಬೊಟ್ಟು ಇಡುತ್ತಿದ್ದರು. ಆ ಶತಮಾನದ ಕೊನೆಗೆ ಹೊಗೆಗೂಡು ಬಂದವು, ಗೋಡೆ ಬೆಳ್ಳಗಾಯಿತು, ಬೊಟ್ಟಿನ ಜಾಗದಲ್ಲಿ ಹೂವು ಅರಳಿದವು. ಬಣ್ಣಕ್ಕೆ ಮಸಿ, ಜೇಡಿಮಣ್ಣು, ಸುಣ್ಣ. ಕುಂಚಕ್ಕೆ ಹಸುವಿನ ಬಾಲದ ಕೂದಲು. ದುಡ್ಡು ಕೊಟ್ಟು ತಂದದ್ದು ಕಡಿಮೆ.

ಈ ಕಲೆಯನ್ನು ಹೊರಜಗತ್ತಿಗೆ ತೋರಿಸಿದವರು ಫೆಲಿತ್ಸಿಯಾ ತ್ಸುರಿವೋವಾ (1904–1974). ಒಲೆಯಿಂದ ಹಿಡಿದು ಚಾವಣಿವರೆಗೆ ಅವರು ಬರೆಯದೆ ಬಿಟ್ಟ ಜಾಗ ಹುಡುಕಬೇಕು! ಅವರ ಮನೆ ಈಗ ಮ್ಯೂಸಿಯಂ. ಮೊದಲು ಅಲ್ಲಿಗೇ ಹೋಗಿ. ಊರಿನ ಚರ್ಚಿನ ಒಳಗೂ ಇದೇ ಹೂಗಳಿವೆ, ಅದನ್ನು ತಪ್ಪಿಸಬೇಡಿ.

ಕ್ರಾಕೋವ್‌ನಿಂದ ತಾರ್ನುಫ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ಮುಂದೆ ಬಸ್ ಕಡಿಮೆ, ಭಾನುವಾರ ನಂಬಲೇಬೇಡಿ. ನಾಲ್ಕು ಜನ ಸೇರಿ ಕಾರಿನಲ್ಲಿ ಹೋಗುವುದು ಒಳ್ಳೆಯದು. ಬಣ್ಣದ ಮನೆಗಳು ಒಂದೇ ಬೀದಿಯಲ್ಲಿಲ್ಲ, ಊರ ತುಂಬ ಚದುರಿವೆ. ಜಾಸ್ತಿ ನಡೆಯಬೇಕು, ಬುತ್ತಿ ಕಟ್ಟಿಕೊಂಡು ಹೋಗಿ. ದಾರಿಯಲ್ಲಿ ಆಲೂಗಡ್ಡೆ ಪಿಯೆರೋಗಿ (ಹೂರಣ ತುಂಬಿದ ಕಡುಬಿನಂಥ ತಿಂಡಿ) ತಿನ್ನುವ ಸಸ್ಯಾಹಾರಿಗಳು ಮೊದಲೇ ಕೇಳಿ, ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವುದುಂಟು.

ಇನ್ನೊಂದು ಮುಖ್ಯ ಮಾತು. ಬಹಳಷ್ಟು ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ. ಸುಮ್ನೆ ಗೇಟು ತೆಗೆದು ಒಳಗೆ ನುಗ್ಗಬೇಡಿ. ‘ಜೆನ್ ದೋಬ್ರಿ’ ಅಂತ ನಮಸ್ಕಾರ ಹೇಳಿ, ಫೋಟೋಗೆ ಒಪ್ಪಿಗೆ ಕೇಳಿ.

ಬಣ್ಣದ ಮನೆಗಳ ಸ್ಪರ್ಧೆ ಮೊದಲು ನಡೆದದ್ದು 1948ರಲ್ಲಿ. ಈಗ ಅದು ಕಾರ್ಪಸ್ ಕ್ರಿಸ್ಟಿ ಎಂಬ ಕ್ಯಾಥೊಲಿಕ್ ಹಬ್ಬದ ನಂತರದ ವಾರಾಂತ್ಯದಲ್ಲಿ ನಡೆಯುತ್ತದೆ. ಹಬ್ಬ ಈಸ್ಟರ್ ಆಗಿ 60 ದಿನಕ್ಕೆ, ಗುರುವಾರ ಬರುತ್ತದೆ, ಅಂದು ಸರ್ಕಾರಿ ರಜೆ. ಹೊಸ ಬಣ್ಣ ನೋಡಬೇಕೆಂದರೆ ಶುಕ್ರವಾರಕ್ಕೂ ಆಫೀಸಿನಲ್ಲಿ ಈಗಲೇ ರಜೆ ಕೇಳಿಟ್ಟುಕೊಳ್ಳಿ.